ಸೊನ್ನೆ ಬಂದ ಮನೆ

ಟೈಲರ್ ಮನೆಯ ಟಿವಿ ಹದಿನೈದು ದಿನಗಳಿಂದ ಒಂದು ನಿಮಿಷವೂ ಓಡಿಲ್ಲ ಎಂದು ಆಫೀಸಿನ ಕಂಪ್ಯೂಟರ್ ತೋರಿಸಿತು. ಹದಿನಾರನೆಯ ದಿನ ಬೆಳಿಗ್ಗೆ ಹತ್ತೂಕಾಲಿಗೆ ಬಟನ್ ಅಕ್ಕ ಆ ಮನೆಯ ಮೆಟ್ಟಿಲ ಮೇಲಿದ್ದಳು. ಚೀಲದಲ್ಲಿ ಒಂದು ಸಣ್ಣ ಸ್ಕ್ರೂಡ್ರೈವರ್, ನಾಲ್ಕು ಬ್ಯಾಟರಿ, ಒರೆಸುವ ಬಟ್ಟೆ ಮತ್ತು ರಟ್ಟಿನ ರಿಜಿಸ್ಟರ್ ಇದ್ದವು. ಟಿವಿಯ ಕೆಳಗಿನ ಪೆಟ್ಟಿಗೆ ಕೆಟ್ಟಿರಬೇಕು ಎಂದು ಅವಳ ಅಂದಾಜು. ಆ ಮನೆಯ ಅಜ್ಜಿ ಟಿವಿ ನೋಡುವುದನ್ನೇ ಬಿಟ್ಟಿರಬಹುದೆಂಬ ಯೋಚನೆ ದಾರಿಯುದ್ದಕ್ಕೂ ಒಮ್ಮೆಯೂ ಬಂದಿರಲಿಲ್ಲ.

ಮುಂದಿನ ಕೋಣೆಯಲ್ಲಿ ಅಜ್ಜಿಯ ಮಗ, ಟೈಲರ್, ಹೊಲಿಗೆ ಯಂತ್ರದ ಮೇಲೆ ಬಗ್ಗಿದ್ದ. ಎದುರಿನ ಗೋಡೆಯಲ್ಲಿದ್ದ ಟಿವಿ ಕಾಣಿಸುತ್ತಿರಲಿಲ್ಲ. ಅದರ ಮೇಲಂಚಿಗೆ ಹ್ಯಾಂಗರ್ ಸಿಕ್ಕಿಸಿ, ಇಸ್ತ್ರಿಯಾದ ನಾಲ್ಕು ಪ್ಯಾಂಟುಗಳನ್ನು ತೂಗುಹಾಕಿದ್ದರು.

"ಏನಿದು, ಟಿವಿಗೆ ಪ್ಯಾಂಟು ತೊಡಿಸಿದ್ದೀರಿ?" ಎಂದಳು ಬಟನ್ ಅಕ್ಕ.

"ಮತ್ತೇನ್ ಮಾಡ್ಲಿ ಅಕ್ಕ, ಸುಮ್ನೆ ನಿಂತಿತ್ತು. ಇರೋ ಜಾಗ ಯಾಕೆ ದಂಡ ಅಂತ," ಎಂದ ಟೈಲರ್, ತುಟಿಗಳ ನಡುವಿನ ಗುಂಡುಸೂಜಿ ತೆಗೆಯದೆ.

ಅಜ್ಜಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಮಡಿಲಲ್ಲಿ ದಿಂಬು, ದಿಂಬಿನ ಮೇಲೆ ಮೊಬೈಲು, ಎರಡೂ ಕಿವಿಗೆ ವೈರು. ಬಟನ್ ಅಕ್ಕನನ್ನು ಕಂಡು ಒಂದು ಬೆರಳೆತ್ತಿ ತಡಿ ಎಂದರು. ನಾಲ್ಕು ನಿಮಿಷ ಕಳೆದ ಮೇಲೆ ಒಂದು ಕಿವಿಯ ವೈರು ತೆಗೆದರು.

"ಕೂತ್ಕೊ. ಅವಳು ಈಗಷ್ಟೇ ಗಂಡನಿಗೆ ನಿಜ ಹೇಳ್ತಿದ್ಲು. ಮಧ್ಯದಲ್ಲಿ ಎದ್ರೆ ಪಾಪ, ಅವಳಿಗೆ ಅವಮಾನ."

"ಅಜ್ಜಿ, ಟಿವಿ ಕೆಟ್ಟಿದ್ಯಾ?"

"ಟಿವಿಗೇನು ಧಾಡಿ, ಚೆನ್ನಾಗೇ ಇದೆ. ನಾನೇ ನೋಡ್ತಿಲ್ಲ."

ಈ ಮಾತು ಬಟನ್ ಅಕ್ಕನಿಗೆ ಎಂಥ ಪೆಟ್ಟು ಎಂದು ಅರ್ಥವಾಗಲು ಅವಳ ಕೆಲಸವೇನೆಂದು ತಿಳಿದಿರಬೇಕು.

ಜನ ಟಿವಿಯಲ್ಲಿ ಏನು ನೋಡುತ್ತಾರೆ, ಎಷ್ಟು ಹೊತ್ತು ನೋಡುತ್ತಾರೆ ಎಂದು ಅಳೆಯುವ ಕಂಪನಿಯೊಂದರಲ್ಲಿ ಅವಳು ಹತ್ತೊಂಬತ್ತು ವರ್ಷಗಳಿಂದ ಇದ್ದಾಳೆ. ಊರಿನ ಎಲ್ಲ ಮನೆಗಳನ್ನು ಅಳೆಯಲಾಗದು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕಲ್ಲ, ಹಾಗೆ ಕೆಲವು ಮನೆಗಳನ್ನು ಆರಿಸಿಕೊಂಡು ಅಲ್ಲಿನ ಟಿವಿಗೆ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ ಜೋಡಿಸುತ್ತಾರೆ. ಜೊತೆಗೊಂದು ಬೇರೆಯೇ ರಿಮೋಟು. ಅದರಲ್ಲಿ ಮನೆಯ ಒಬ್ಬೊಬ್ಬರಿಗೂ ಒಂದೊಂದು ಅಂಕಿಯ ಬಟನ್. ಟಿವಿ ಮುಂದೆ ಕೂತರೆ ತಮ್ಮ ಬಟನ್ ಒತ್ತಬೇಕು, ಎದ್ದರೆ ಇನ್ನೊಮ್ಮೆ ಒತ್ತಬೇಕು. ಯಾವ ನಿಮಿಷ ಯಾವ ಚಾನೆಲ್, ಎದುರಿಗೆ ಯಾರು ಎಂಬುದನ್ನೆಲ್ಲ ಪೆಟ್ಟಿಗೆ ಬರೆದುಕೊಂಡು ದಿನಕ್ಕೊಮ್ಮೆ ಆಫೀಸಿಗೆ ಕಳಿಸುತ್ತದೆ. ಯಾವ ಧಾರಾವಾಹಿ ಏರಿತು, ಯಾವುದು ಇಳಿಯಿತು ಎಂದು ಚಾನೆಲ್‌ನವರಿಗೆ ತಿಳಿಯುವುದು ಇದರಿಂದಲೇ. ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ, ವೈರು ನೋಡಿ, ಬ್ಯಾಟರಿ ಬದಲಾಯಿಸಿ, "ಎಲ್ರೂ ಬಟನ್ ಒತ್ತುತ್ತಿದ್ದೀರಾ?" ಎಂದು ಕೇಳುವುದು ಅವಳ ಪಾಲಿನ ಕೆಲಸ. ಹೆಸರು ಬಂದದ್ದೂ ಹಾಗೆ.

ಇದಕ್ಕೂ ಮೊದಲು ಅವಳು ಒಂದು ಶಾಲೆಯ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದಳು. ರಾಸಾಯನಿಕಗಳನ್ನು ತೂಗಿ ಪೊಟ್ಟಣ ಕಟ್ಟಿಡುತ್ತಿದ್ದಳು. ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಉಸಿರು ಬಿಗಿಹಿಡಿಯುವ ಅಭ್ಯಾಸ ಅಲ್ಲಿಂದ ಬಂತು. ಈಗಲೂ ಅಂಗಡಿಯವನು ಸಕ್ಕರೆ ತೂಗುವಾಗ ಅವಳು ಉಸಿರಾಡುವುದಿಲ್ಲ.

ಯಾವ ಮನೆಯಲ್ಲಿ ಪೆಟ್ಟಿಗೆ ಇದೆ ಎಂದು ಹೊರಗೆ ಯಾರಿಗೂ ಹೇಳಕೂಡದು. ಹೇಳಿದರೆ ಚಾನೆಲ್‌ನವರು ಉಡುಗೊರೆ ಹಿಡಿದು ಬಾಗಿಲಿಗೆ ಬಂದಾರು ಎಂಬ ಭಯ. ಹೀಗಾಗಿ, ತಿಂಗಳು ತಿಂಗಳೂ ಚೀಲ ಹಿಡಿದು ಬಂದು ಅರ್ಧ ಗಂಟೆ ಕೂತು ಹೋಗುವ ಈ ಹೆಂಗಸು ಯಾರು ಎಂಬ ಪ್ರಶ್ನೆಗೆ ನೆರೆಹೊರೆಯವರು ತಾವೇ ಉತ್ತರ ಕಂಡುಕೊಂಡಿದ್ದರು. ಮದುವೆ ಕುದುರಿಸುವವಳು. ಅಲ್ಲ ಎನ್ನಲು ಅವಳಿಗೆ ಬೇರೆ ಉತ್ತರವಿರಲಿಲ್ಲ. "ನಮ್ಮ ತಮ್ಮನಿಗೂ ಒಂದು ನೋಡಿ," ಎಂದರೆ, "ನೋಡೋಣ," ಎನ್ನುತ್ತಿದ್ದಳು. ಹತ್ತೊಂಬತ್ತು ವರ್ಷಗಳಲ್ಲಿ ಹೀಗೆ ನೋಡುತ್ತಾ ನೋಡುತ್ತಾ ಎರಡು ಮದುವೆಗಳು ನಡೆದೇ ಹೋಗಿದ್ದವು. ಎರಡೂ ಚೆನ್ನಾಗಿವೆ.

ಅವಳ ಮನೆಗಳಲ್ಲೆಲ್ಲ ನಂಬಿಕಸ್ಥ ಮನೆ ಟೈಲರ್‌ದು. ಅಲ್ಲಿ ಐದು ಬಟನ್. ಒಂದು ಅಜ್ಜಿ, ಎರಡು ಟೈಲರ್, ಮೂರು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಸೊಸೆ, ನಾಲ್ಕು ಮತ್ತು ಐದು ಮೊಮ್ಮಕ್ಕಳು. ಪೆಟ್ಟಿಗೆ ಕೂರಿಸಿದ ಮೊದಲ ತಿಂಗಳು ಆಫೀಸಿನಿಂದ ದೂರು ಬಂದಿತ್ತು. ಎರಡನೇ ಬಟನ್ ಒಂದೇ ಗಂಟೆಯಲ್ಲಿ ಹದಿನಾಲ್ಕು ಸಲ ಒತ್ತಲಾಗಿದೆ, ರಿಮೋಟು ಕೆಟ್ಟಿರಬೇಕು, ಹೋಗಿ ನೋಡಿ ಎಂದು. ಬಟನ್ ಅಕ್ಕ ಹೋಗಿ ನೋಡಿದಳು. ರಿಮೋಟು ಅಜ್ಜಿಯ ಕೈಯಲ್ಲಿತ್ತು. ಮಗ ತೂಕಡಿಸಿದಾಗ ಅಜ್ಜಿ ಎರಡು ಒತ್ತುತ್ತಿದ್ದರು, ಬೆಚ್ಚಿ ಎದ್ದಾಗ ಮತ್ತೆ ಎರಡು.

"ನೋಡಿದ್ರೆ ಒತ್ತಿ ಅಂದಿದ್ದು ನೀನೇ. ಕಣ್ಣು ಮುಚ್ಚಿದ್ರೆ ನೋಡಿದ ಹಾಗಾಗತ್ತಾ?" ಎಂದಿದ್ದರು.

ಅಂದಿನಿಂದ ಬಟನ್ ಅಕ್ಕನಿಗೆ ಆ ಮನೆಯ ಅಂಕಿಗಳ ಮೇಲೆ ತಕ್ಕಡಿಯ ಮೇಲಿದ್ದಷ್ಟೇ ಭರವಸೆ.

ಅಂಥ ಅಜ್ಜಿ ಈಗ ಮೊಬೈಲನ್ನು ದಿಂಬಿಗೆ ಒರಗಿಸಿಕೊಂಡು ವಿವರಿಸುತ್ತಿದ್ದರು.

"ಮೊಮ್ಮಗಳು ಹಾಕ್ಕೊಟ್ಲು. ಅದೇ ಧಾರಾವಾಹಿ, ಅದೇ ಜನ. ಆದ್ರೆ ಇಲ್ಲಿ ಜಾಹೀರಾತಿಲ್ಲ, ಕಾಯೋದಿಲ್ಲ. ಟಿವಿಲಿ ಒಂದು ಕಪಾಳಮೋಕ್ಷ ನೋಡೋಕೆ ಮೂರು ದಿನ ಬೇಕಿತ್ತು. ಸೋಮವಾರ ಎತ್ತಿದ ಕೈ ಬುಧವಾರ ಬೀಳ್ತಿತ್ತು. ಇಲ್ಲಿ ಎತ್ತಿದ ಕೈ ಆಗಲೇ ಬೀಳತ್ತೆ. ಕೆನ್ನೆಗೂ ಕಾಯೋ ಕಷ್ಟ ಇಲ್ಲ."

"ಉಳಿದೋರು?"

"ಎಲ್ರಿಗೂ ಅವರವರದು ಒಂದೊಂದಿದೆಯಲ್ಲ. ಇವನು ಮಾತ್ರ ಏನೂ ನೋಡಲ್ಲ, ಹಾಡು ಕೇಳ್ತಾನೆ."

ಬಟನ್ ಅಕ್ಕ ರಿಜಿಸ್ಟರ್ ತೆಗೆದು ಕೂತಳು, ಆದರೆ ಬರೆಯಲಿಲ್ಲ. ಕಂಪನಿಯ ನಿಯಮ ಅವಳ ಬಾಯಲ್ಲೇ ಇತ್ತು. ಹದಿನೈದು ದಿನ ಸೊನ್ನೆ ಬಂದರೆ ಹೋಗಿ ಪರೀಕ್ಷಿಸಬೇಕು. ಮೂವತ್ತು ದಿನ ಸೊನ್ನೆ ಬಂದರೆ ಅದು ಸತ್ತ ಮನೆ. ಪೆಟ್ಟಿಗೆ ಬಿಚ್ಚಿ ತರಬೇಕು. ಇದರ ಮೇಲೊಂದು ನಿಯಮವಿತ್ತು. ಒಬ್ಬರ ಸುತ್ತಿನಲ್ಲಿ, ಅಂದರೆ ಒಬ್ಬರು ಓಡಾಡುವ ಪ್ರದೇಶದಲ್ಲಿ, ಕನಿಷ್ಠ ಹದಿನೆಂಟು ಮನೆ ಇರಬೇಕು. ಇಲ್ಲದಿದ್ದರೆ ಆ ಸುತ್ತನ್ನು ಪಕ್ಕದ ಸುತ್ತಿಗೆ ಸೇರಿಸುತ್ತಾರೆ, ಆ ಸುತ್ತಿನವರಿಗೆ ಕೆಲಸವಿಲ್ಲ. ಬಟನ್ ಅಕ್ಕನ ಸುತ್ತಿನಲ್ಲಿ ಎರಡು ವರ್ಷದ ಹಿಂದೆ ಇಪ್ಪತ್ತನಾಲ್ಕು ಮನೆಗಳಿದ್ದವು. ಆರು ಸತ್ತಿದ್ದವು. ಉಳಿದವು ಲೆಕ್ಕಕ್ಕೆ ಸರಿಯಾಗಿ ಹದಿನೆಂಟು.

ಹೊಸ ಮನೆ ಹುಡುಕುವುದೂ ಸುಲಭವಿರಲಿಲ್ಲ. ಫಾರಂನ ಮೊದಲ ಪ್ರಶ್ನೆಯೇ ದಿನಕ್ಕೆ ಎಷ್ಟು ಹೊತ್ತು ಟಿವಿ ನೋಡುತ್ತೀರಿ ಎಂಬುದು. ಒಂದು ಗಂಟೆಗಿಂತ ಕಡಿಮೆ ಎಂದವರನ್ನು ಸೇರಿಸಿಕೊಳ್ಳುವಂತಿಲ್ಲ. ಹಿಂದಿನ ತಿಂಗಳು ಅವಳು ನಲವತ್ತೊಂದು ಬಾಗಿಲು ತಟ್ಟಿದ್ದಳು. ನಲವತ್ತು ಮನೆಯವರು ಮೊದಲ ಪ್ರಶ್ನೆಯಲ್ಲೇ ಬಿದ್ದರು. ನಲವತ್ತೊಂದನೆಯ ಮನೆಯವರು ನಾಲ್ಕು ಗಂಟೆ ನೋಡುತ್ತಿದ್ದರು, ಆದರೆ ಅವರ ನಾಯಿ ಅವಳನ್ನು ಒಳಗೆ ಬಿಡಲಿಲ್ಲ.

"ಮುಖ ಯಾಕೆ ಹಾಗೆ ಮಾಡ್ಕೊಂಡೆ?" ಎಂದರು ಅಜ್ಜಿ.

ಅವಳು ಮುಚ್ಚಿಡಲಿಲ್ಲ, ಹೇಳಿದಳು. ಟೈಲರ್ ಯಂತ್ರ ನಿಲ್ಲಿಸಿ ಕೇಳಿಸಿಕೊಂಡ.

ಆಫೀಸಿಗೆ ಮರಳಿದಾಗ ಮೇಲ್ವಿಚಾರಕರು ಕಾಯುತ್ತಿದ್ದರು. ನೂರಕ್ಕೆ ಇಷ್ಟು ಎಂದು ಹೇಳದೆ ಅವರಿಗೆ ಮಾತು ಮುಗಿಯುತ್ತಿರಲಿಲ್ಲವಾದ್ದರಿಂದ ಸಿಬ್ಬಂದಿ ಅವರನ್ನು ಬೆನ್ನ ಹಿಂದೆ ಶೇಕಡಾ ಸಾರ್ ಎನ್ನುತ್ತಿದ್ದರು.

"ಏನಂತೆ? ಪೆಟ್ಟಿಗೆ ತೊಂದರೆನಾ?"

"ಪೆಟ್ಟಿಗೆ ಸರಿ ಇದೆ ಸಾರ್. ಅವರು ಮೊಬೈಲಲ್ಲಿ ನೋಡ್ತಿದ್ದಾರೆ."

"ನೂರಕ್ಕೆ ತೊಂಬತ್ತು ನನಗೆ ಅದೇ ಅನುಮಾನ ಇತ್ತು." ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನೋಡಿ ಮೇಡಂ, ನಾನೇನೂ ಹೇಳ್ತಿಲ್ಲ. ಅಜ್ಜಿ ಮನಸ್ಸು ಮಾಡಿ ದಿನಾ ಅರ್ಧ ಗಂಟೆ ಟಿವಿ ಹಾಕಿದ್ರೆ ಮನೆ ಉಳಿಯತ್ತೆ. ಮನೆ ಉಳಿದ್ರೆ ಸುತ್ತು ಉಳಿಯತ್ತೆ. ಸುತ್ತು ಉಳಿದ್ರೆ ನೀವೂ ಉಳೀತೀರಿ. ನಾನು ಹೇಳಿದ್ದೂ ಇಲ್ಲ, ನೀವು ಕೇಳಿದ್ದೂ ಇಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರು ನಿಸ್ಸೀಮರು. ಕೆಟ್ಟವರಲ್ಲ. ಅವಳಿಗೆ ಕೆಲಸ ಉಳಿಯಲಿ ಎಂಬುದು ಅವರ ನಿಜವಾದ ಆಸೆಯೇ.

ಇಪ್ಪತ್ತೆರಡನೆಯ ದಿನ ತಿಂಗಳ ಭೇಟಿಗೆ ಹೋದಾಗ ಟಿವಿಯ ಮೇಲಿನ ಪ್ಯಾಂಟುಗಳು ಮಾಯವಾಗಿದ್ದವು. ಅಜ್ಜಿ ಎರಡು ರಿಮೋಟುಗಳನ್ನೂ ಮಡಿಲಲ್ಲಿಟ್ಟುಕೊಂಡು ಸಿದ್ಧರಾಗಿದ್ದರು. ಬಟನ್ ಅಕ್ಕ ಎಂದಿನಂತೆ ಪೆಟ್ಟಿಗೆಯಲ್ಲಿ ತನ್ನ ಕೀಲಿ ತಿರುಗಿಸಿದಳು. ಅವಳು ಮನೆಯಲ್ಲಿರುವಷ್ಟು ಹೊತ್ತು ಏನು ನಡೆದರೂ ಲೆಕ್ಕಕ್ಕೆ ಬರಬಾರದೆಂದು ಹಾಗೊಂದು ಏರ್ಪಾಡು.

"ಉಪಾಯ ಮಾಡಿದ್ದೀನಿ. ಸುಳ್ಳೂ ಅಲ್ಲ, ನಿನಗೆ ನಷ್ಟವೂ ಅಲ್ಲ," ಎಂದರು ಅಜ್ಜಿ. "ಟಿವಿ ಹಾಕ್ತೀನಿ. ಆದ್ರೆ ಯಾರೂ ನೋಡಲ್ಲ, ಬಟನ್ನೂ ಒತ್ತಲ್ಲ. ಟಿವಿ ಓಡ್ತಿತ್ತು ಅನ್ನೋದು ನಿಜ, ಯಾರೂ ಇರಲಿಲ್ಲ ಅನ್ನೋದೂ ನಿಜ."

ಟಿವಿ ಹಾಕಿ, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂತರು. ಯಾರು ನೋಡುತ್ತಿದ್ದೀರಿ ಎಂದು ಪೆಟ್ಟಿಗೆಯ ಕೆಂಪು ದೀಪ ಮಿಣಮಿಣ ಕೇಳತೊಡಗಿತು. ಪರದೆಯ ಮೇಲೆ ಯಾರೋ ಇಬ್ಬರು ಅಡುಗೆಮನೆಯೊಂದರಲ್ಲಿ ಪಿಸುಗುಟ್ಟುತ್ತಿದ್ದರು. ಎರಡು ನಿಮಿಷ ಕಳೆಯಿತು. ಟೈಲರ್ ಮೆಲ್ಲನೆ ತಲೆ ಎತ್ತಿದ.

"ತಲೆ ಎತ್ತಬೇಡ," ಎಂದರು ಅಜ್ಜಿ ಗೋಡೆ ನೋಡುತ್ತಲೇ. "ಎತ್ತಿದ್ರೆ ಎರಡು ಒತ್ತಬೇಕಾಗತ್ತೆ."

"ಸೂಜಿಗೆ ದಾರ ಹಾಕ್ತಿದ್ದೀನಮ್ಮ."

"ದಾರ ಹಾಕೋನಿಗೆ ಅವಳು ಡಬ್ಬಿಯಲ್ಲಿ ಏನು ಬಚ್ಚಿಟ್ಲು ಅಂತ ಯಾಕೆ ಬೇಕು?"

"ನಾನೇನೂ ಕೇಳಲಿಲ್ವಲ್ಲ."

"ಕೇಳೋ ಮುಖ ಮಾಡಿದ್ದೀಯ."

"ಬೆನ್ನು ಹಾಕಿ ಕೂತ್ಕೊಂಡು ನನ್ನ ಮುಖ ಹೇಗೆ ಕಾಣಿಸ್ತಮ್ಮ ನಿನಗೆ?"

"ನಾನು ಹೆತ್ತ ಮುಖ ಅದು."

ಬಟನ್ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಎದ್ದು ಟಿವಿ ಆರಿಸಿದಳು.

"ಬೇಡ ಅಜ್ಜಿ. ಇದು ಥರ್ಮಾಮೀಟರ್ ಬಾಯಲ್ಲಿಟ್ಕೊಂಡು ಬಿಸಿನೀರು ಕುಡಿದ ಹಾಗೆ. ಜ್ವರ ನೀರಿಗೆ ಬಂದಿರತ್ತೆ, ನಮಗಲ್ಲ."

"ಹಾಗಾದ್ರೆ ಸೊನ್ನೆ ಅಂತಲೇ ಬರಿ. ಸೊನ್ನೆ ಬರೆಯೋಕೆ ನಿಮ್ಮ ಆಫೀಸಲ್ಲಿ ಶಾಯಿ ಇಲ್ವಾ?"

"ಬರೀತೀವಿ. ಮೂವತ್ತು ದಿನ ಅಷ್ಟೇ. ಆಮೇಲೆ ಮನೆಯನ್ನೇ ಪಟ್ಟಿಯಿಂದ ತೆಗೀತಾರೆ."

ಅಜ್ಜಿ ಕುರ್ಚಿ ತಿರುಗಿಸಿಕೊಂಡರು. "ಅಂದ್ರೆ ನೋಡೋರ್ನ ಇಟ್ಕೊಂಡು, ನೋಡದೇ ಇರೋರ್ನ ಆಚೆ ಕಳಿಸ್ತೀರಿ. ಮತ್ತೆ ಏಳು ವರ್ಷ ಇವನು ತೂಕಡಿಸಿದಾಗೆಲ್ಲ ನಾನು ಬಟನ್ ಒತ್ತಿದ್ದು ಯಾವ ಪುರುಷಾರ್ಥಕ್ಕೆ?"

ಹತ್ತೊಂಬತ್ತು ವರ್ಷಗಳಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಬಟನ್ ಅಕ್ಕನೂ ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ನಿಯಮ ಎಂದರೆ ನಿಯಮ, ಶಾಲೆಯ ಗಂಟೆಯ ಹಾಗೆ.

ಅವಳ ಗಂಡ ಬಸ್ ಡಿಪೋದಲ್ಲಿ ಬಸ್ಸುಗಳು ಬಂದ ಹೊತ್ತು ಬರೆದಿಡುವ ಕೆಲಸದಲ್ಲಿದ್ದ. ಅಂದು ಸಂಜೆ ಅವನು ಅಂಗಿಯ ಗುಂಡಿ ಬಿಚ್ಚುತ್ತಿದ್ದಾಗ ಅವಳು ಕೇಳಿದಳು.

"ರೀ, ಬಸ್ಸು ಬರದೇ ಇದ್ರೆ ಏನು ಬರೀತೀರಿ?"

"ಬರಲಿಲ್ಲ ಅಂತ ಬರೀತೀನಿ."

"ಆ ಬಸ್ಸನ್ನೇ ಪಟ್ಟಿಯಿಂದ ತೆಗೆದುಬಿಟ್ರೆ?"

"ತೆಗೆದ್ರೆ ನಮ್ಮ ಡಿಪೋ ಬಸ್ಸೆಲ್ಲ ಸರಿಯಾದ ಹೊತ್ತಿಗೇ ಬಂತು ಅಂತಾಗತ್ತೆ. ನಿಲ್ದಾಣದಲ್ಲಿ ಕಾದವರು ಬಂದು ನನ್ನ ಕಾಲರ್ ಹಿಡೀತಾರೆ." ಅವನು ಅವಳನ್ನು ನೋಡಿದ. "ಯಾಕೆ, ನಿಮ್ಮಲ್ಲಿ ಹಾಗೆ ಮಾಡ್ತೀರಾ?"

ಅವಳು ಅಟ್ಟದಿಂದ ಹಳೆಯ ರಿಜಿಸ್ಟರುಗಳನ್ನು ಕೆಳಗಿಳಿಸಿ ಲೆಕ್ಕ ಹಾಕುತ್ತಾ ಕೂತಳು. ಒಲೆಯ ಮೇಲಿನ ಅನ್ನ ಸೀದ ವಾಸನೆ ಬಂದಾಗ ಗಂಡನೇ ಹೋಗಿ ಒಲೆ ಆರಿಸಿದ.

ಇಪ್ಪತ್ತೇಳನೆಯ ದಿನ ಆಫೀಸಿನಲ್ಲಿ ಸಭೆಯಿತ್ತು. ಮನೆಮನೆಗೆ ಹೋಗುವ ಹನ್ನೊಂದು ಜನರನ್ನೂ ಕರೆಸಿದ್ದರು. ದೊಡ್ಡ ಆಫೀಸಿನಿಂದ ಸಂಖ್ಯಾಶಾಸ್ತ್ರ ಓದಿದ ಹುಡುಗಿಯೊಬ್ಬಳು ಬಂದಿದ್ದಳು. ಅವಳು ಗೋಡೆಯ ಮೇಲೆ ಗ್ರಾಫಿನ ಒಂದು ಗೆರೆ ತೋರಿಸಿದಳು. ಐದು ವರ್ಷಗಳಿಂದ ಒಂದು ಮನೆಯಲ್ಲಿ ದಿನಕ್ಕೆ ಸರಾಸರಿ ಮೂರು ಗಂಟೆ ಮೂವತ್ತಾರು ನಿಮಿಷ ಟಿವಿ ಓಡುತ್ತಿದೆ. ಗೆರೆ ಹಾಸುಗಲ್ಲಿನಂತೆ ಮಲಗಿತ್ತು. ಶೇಕಡಾ ಸಾರ್ ಅದನ್ನು ಸ್ವಂತ ಮಗುವನ್ನು ನೋಡುವಂತೆ ನೋಡಿದರು.

"ಧಾರಾವಾಹಿ ಮಾಡೋರು ತಮ್ಮ ನೋಡುಗರೆಲ್ಲ ಮೊಬೈಲಿಗೆ ಹೋದ್ರು ಅಂತಾರೆ," ಎಂದಳು ಹುಡುಗಿ. "ನಮ್ಮ ಗೆರೆ ಮಾತ್ರ ಯಾರೂ ಎಲ್ಲೂ ಹೋಗಿಲ್ಲ ಅನ್ನತ್ತೆ. ಗೆರೆ ಇಷ್ಟು ನೆಟ್ಟಗಿದ್ರೆ ನನಗೆ ಭಯ ಆಗತ್ತೆ. ದಿನಾ ಮನೆಗಳಿಗೆ ಹೋಗೋರು ನೀವು. ಏನನ್ನಿಸತ್ತೆ?"

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆ ಎಲ್ಲರಿಗೂ ಗೊತ್ತಿತ್ತು. ಬಟನ್ ಅಕ್ಕನಿಗೆ ಇನ್ನೂ ಹೆಚ್ಚಾಗಿ ಗೊತ್ತಿತ್ತು, ಯಾಕೆಂದರೆ ತನ್ನ ಸುತ್ತಿನಲ್ಲಿ ಇನ್ನೊಂದು ಮನೆ ಸಾಯಲಿದೆ ಎಂದು ತಾನೇ ಹೇಳಬೇಕಿತ್ತು. ಆದರೂ ಅವಳು ರಿಜಿಸ್ಟರ್ ಹಿಡಿದು ಎದ್ದು ನಿಂತಳು.

"ಗೆರೆ ಸುಳ್ಳಲ್ಲ. ಆದ್ರೆ ಅದನ್ನ ನೆಟ್ಟಗೆ ಮಾಡಿದ್ದು ನಾವೇ."

"ಮೇಡಂ, ಕೂತ್ಕೊಳಿ," ಎಂದರು ಶೇಕಡಾ ಸಾರ್ ಮೆತ್ತಗೆ.

"ಒಂದೇ ನಿಮಿಷ ಸಾರ್. ನನ್ನ ಸುತ್ತಿನಲ್ಲಿ ಟಿವಿ ಓಡ್ತಿರೋ ಮನೆ ಹದಿನೇಳು. ಸರಾಸರಿ ಇನ್ನೂರ ಹದಿನಾರು ನಿಮಿಷ, ಅಂದ್ರೆ ನಿಮ್ಮ ಗೆರೆಯಷ್ಟೇ. ಹದಿನೆಂಟನೇ ಮನೆ ಇವತ್ತಿಗೆ ಇಪ್ಪತ್ತಾರು ದಿನದಿಂದ ಸೊನ್ನೆ. ಇನ್ನು ನಾಲ್ಕು ದಿನ ಆದ್ರೆ ಅದನ್ನ ತೆಗೀತೀವಿ. ಎರಡು ವರ್ಷದಲ್ಲಿ ಹೀಗೇ ಆರು ಮನೆ ತೆಗೆದಿದ್ದೀನಿ. ಆ ಏಳಕ್ಕೂ ಸೊನ್ನೆ ಹಾಕಿ ಇಪ್ಪತ್ತನಾಲ್ಕರಿಂದ ಭಾಗಿಸಿದ್ರೆ ನೂರ ಐವತ್ತಮೂರು ನಿಮಿಷ ಬರತ್ತೆ. ಎರಡೂವರೆ ಗಂಟೆ ಚಿಲ್ಲರೆ."

ಹುಡುಗಿ ಪೆನ್ನು ತೆರೆದಳು.

"ಬೇಯದ ಅಗುಳನ್ನೆಲ್ಲ ನಾವೇ ಆರಿಸಿ ಎಸೀತಿದ್ದೀವಿ," ಎಂದು ಬಟನ್ ಅಕ್ಕ ಮುಂದುವರಿಸಿದಳು. "ಆಮೇಲೆ ಉಳಿದದ್ದರಲ್ಲಿ ಒಂದನ್ನ ಹಿಸುಕಿ, ಅನ್ನ ಚೆನ್ನಾಗಿ ಬೆಂದಿದೆ ಅಂತೀವಿ. ಹೊಸ ಮನೆ ಸೇರಿಸ್ಕೊಳ್ಳೋವಾಗಲೂ ಅಷ್ಟೇ. ನೋಡೋರು ಮಾತ್ರ ಬನ್ನಿ ಅಂತೀವಿ."

ಯಾರೋ ಹಿಂದಿನಿಂದ, "ನನ್ನ ಸುತ್ತಲ್ಲಿ ಒಂಬತ್ತು ತೆಗೆದಿದ್ದೀನಿ," ಎಂದರು. "ನಾನು ಐದು," ಎಂದಿತು ಇನ್ನೊಂದು ದನಿ. ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡವರಂತೆ ಎಲ್ಲರೂ ತಮ್ಮತಮ್ಮ ರಿಜಿಸ್ಟರ್ ತೆರೆದರು.

"ಆ ಆರು ಮನೆ ಈಗಲೂ ಸೊನ್ನೆ ಅಂತ ಗೊತ್ತಾ?" ಎಂದು ಹುಡುಗಿ ಕೇಳಿದಳು.

"ಗೊತ್ತಿಲ್ಲ. ತೆಗೆದಾಗ ಸೊನ್ನೆ ಇತ್ತು. ತೆಗೆದ ಮನೆಗೆ ಮತ್ತೆ ಹೋಗೋಕೆ ನಮಗೆ ಅನುಮತಿ ಇಲ್ಲ. ಅದಕ್ಕೇ ನನ್ನ ಲೆಕ್ಕವೂ ಪೂರ್ತಿ ಸರಿ ಅಂತ ಹೇಳಲಾರೆ."

"ಮೂರು ದಿನ ಕೊಡ್ತೀನಿ. ಹೋಗಿ ಕೇಳಿ ಬನ್ನಿ. ಅಲ್ಲಿವರೆಗೆ ಯಾವ ಪೆಟ್ಟಿಗೆಯನ್ನೂ ಯಾರೂ ಬಿಚ್ಚಬೇಡಿ."

ಶೇಕಡಾ ಸಾರ್ ಹೊರಗೆ ಬಂದು ಅವಳಿಗೆ ಹೇಳಿದ್ದು ಇಷ್ಟೇ. "ಮೇಡಂ, ಇದರಿಂದ ನಿಮಗೆ ಒಳ್ಳೇದಾಗೋ ಸಾಧ್ಯತೆ ನೂರಕ್ಕೆ ನಲವತ್ತು."

"ನಲವತ್ತು ಅಂದ್ರೆ ಪಾಸು ಸಾರ್," ಎಂದಳು ಅವಳು.

ಮೂರು ದಿನಗಳಲ್ಲಿ ಅವಳು ಆರೂ ಬಾಗಿಲು ತಟ್ಟಿದಳು. ಒಂದು ಮನೆಯವರು ಊರು ಬಿಟ್ಟಿದ್ದರು. ಒಂದು ಮನೆಯಲ್ಲಿ ಪುಟ್ಟ ಮಗುವಿಗೆ ತುತ್ತು ತಿನ್ನಿಸಲೆಂದು ದಿನಕ್ಕೆ ನಲವತ್ತು ನಿಮಿಷ ಕಾರ್ಟೂನ್ ಹಾಕುತ್ತಿದ್ದರು. ಮಗು ಕಾರ್ಟೂನ್ ನೋಡುತ್ತಿತ್ತು, ತುತ್ತು ತಿನ್ನುತ್ತಿರಲಿಲ್ಲ. ಉಳಿದ ನಾಲ್ಕು ಮನೆಗಳಲ್ಲಿ ಟಿವಿ ಆರಿಯೇ ಇತ್ತು. ಒಂದರಲ್ಲಿ ಅದರ ಮುಂದೆ ಪುಸ್ತಕದ ಕಪಾಟು ಬಂದಿತ್ತು, ಇನ್ನೊಂದರಲ್ಲಿ ಪರದೆಯನ್ನು ಕನ್ನಡಿಯಾಗಿ ಬಳಸಿ ಮನೆಯೊಡತಿ ತಲೆ ಬಾಚುತ್ತಿದ್ದಳು. "ಬಂದ್ರಾ, ಎಷ್ಟು ದಿನ ಆಯ್ತು, ನಮ್ಮ ಮೇಲೆ ಸಿಟ್ಟಾಗಿ ಬಿಟ್ಟುಹೋದ್ರಿ ಅಂದ್ಕೊಂಡಿದ್ವಿ," ಎಂದು ಎಲ್ಲ ಕಡೆ ಚಹಾ ಕೊಟ್ಟರು. ಮೂರು ದಿನಗಳಲ್ಲಿ ಅವಳು ಹದಿಮೂರು ಲೋಟ ಚಹಾ ಕುಡಿದಳು.

ಮೂವತ್ತನೆಯ ದಿನ ಬೆಳಿಗ್ಗೆ ಅವಳು ಹುಡುಗಿಗೆ ಫೋನ್ ಮಾಡಿದಳು.

"ನಾನು ಸಭೆಯಲ್ಲಿ ಹೇಳಿದ್ದು ತಪ್ಪು. ಒಂದು ಮನೆ ಲೆಕ್ಕದಲ್ಲಿ ಇಲ್ಲ, ಒಂದರಲ್ಲಿ ನಲವತ್ತು ನಿಮಿಷ ಇದೆ. ಇಪ್ಪತ್ತಮೂರು ಮನೆಗೆ ಸರಾಸರಿ ನೂರ ಅರವತ್ತೊಂದು ಬರತ್ತೆ. ಎಂಟು ನಿಮಿಷ ಕಡಿಮೆ ಹೇಳಿದ್ದೆ."

"ನಿಮ್ಮ ತಪ್ಪನ್ನ ನೀವೇ ಅಳೆದು ಹೇಳ್ತಿದ್ದೀರಲ್ಲ," ಎಂದಳು ಹುಡುಗಿ. "ನನಗೆ ಇಂಥವರೇ ಬೇಕಿತ್ತು."

ಮಧ್ಯಾಹ್ನದ ಊಟಕ್ಕೆ ಮೊದಲೇ ಆಫೀಸಿಗೆ ಆದೇಶ ಬಂತು. ಸೊನ್ನೆ ಬಂತೆಂಬ ಕಾರಣಕ್ಕೆ ಇನ್ನು ಯಾವ ಮನೆಯನ್ನೂ ತೆಗೆಯುವಂತಿಲ್ಲ. ತೆಗೆದವರಲ್ಲಿ ಒಪ್ಪಿದವರನ್ನು ಮತ್ತೆ ಸೇರಿಸಿಕೊಳ್ಳಬೇಕು. ಫಾರಂನ ಮೊದಲ ಪ್ರಶ್ನೆಗೆ ಅಡ್ಡಗೆರೆ. ಬಟನ್ ಅಕ್ಕನ ಸುತ್ತು ಹದಿನೇಳಕ್ಕೆ ಇಳಿಯುವ ಬದಲು ಇಪ್ಪತ್ತಮೂರಕ್ಕೆ ಏರಿತು. ಅವಳು ಆದೇಶವನ್ನು ಎರಡು ಸಲ ಓದಿದಳು, ಮೂರನೆಯ ಸಲ ಓದುವಾಗ ಉಸಿರು ಬಿಟ್ಟಳು.

ಮುಂದಿನ ತಿಂಗಳು ಗೋಡೆಯ ಮೇಲಿನ ಗೆರೆ ಮಹಡಿಯಿಂದ ಕಾಲು ಜಾರಿದವರಂತೆ ಬಿತ್ತು. "ನೂರಕ್ಕೆ ಇಪ್ಪತ್ತೈದು," ಎಂದರು ಶೇಕಡಾ ಸಾರ್. ಅವರ ದನಿಯಲ್ಲಿ ದುಃಖವಿದ್ದರೂ, ಹೇಳಲು ಒಂದು ಹೊಸ ಶೇಕಡಾ ಸಿಕ್ಕ ಹುರುಪೂ ಇತ್ತು. ಚಾನೆಲ್‌ನವರು ಒಂದು ವಾರ ಫೋನಿನಲ್ಲಿ ಕೂಗಾಡಿದರು. ಎಂಟನೆಯ ದಿನದಿಂದ ದನಿ ಇಳಿಸಿ, ಹಾಗಾದರೆ ಆ ಜನವೆಲ್ಲ ಏನು ನೋಡುತ್ತಿದ್ದಾರೆ ಎಂದು ಕೇಳತೊಡಗಿದರು. ಅದನ್ನು ಹೇಳಬಲ್ಲವರು ಸೊನ್ನೆ ಬಂದ ಮನೆಯವರು ಮಾತ್ರ. ಮೊಬೈಲನ್ನು ಅಳೆಯುವ ಪೆಟ್ಟಿಗೆ ಕಂಪನಿಯಲ್ಲಿ ಇನ್ನೂ ಇರಲಿಲ್ಲ. ಆದ್ದರಿಂದ ಸದ್ಯಕ್ಕೆ, ಯಾರು ಏನು ನೋಡಿದರೆಂದು ಕೇಳಿ ಬರೆದುಕೊಳ್ಳುವ ಒಂದು ಹಾಳೆ ಅಚ್ಚಾಯಿತು, ಬಟನ್ ಅಕ್ಕನಿಗೆ ಮೂರು ಪೆನ್ನು ಕೊಟ್ಟರು.

ಮೊದಲ ಹಾಳೆಯನ್ನು ಅವಳು ಟೈಲರ್ ಮನೆಗೇ ತೆಗೆದುಕೊಂಡು ಹೋದಳು. ಟಿವಿಯ ಮೇಲೆ ಈಗ ಆರು ಪ್ಯಾಂಟುಗಳಿದ್ದವು, ಶಾಲೆ ಶುರುವಾಗುವ ತಿಂಗಳು. ಕಾಲೇಜಿಗೆ ರಜೆ ಇದ್ದ ಮೊಮ್ಮಗಳು ನೆಲದ ಮೇಲೆ ಕೂತು ಸಮವಸ್ತ್ರಗಳಿಗೆ ಗುಂಡಿ ಹಚ್ಚುತ್ತಿದ್ದಳು.

"ನಿನ್ನೆ ಏನೇನು ನೋಡಿದ್ರಿ ಅಜ್ಜಿ?" ಎಂದು ಬಟನ್ ಅಕ್ಕ ಪೆನ್ನು ಹಿಡಿದಳು.

"ಅದೇ ಧಾರಾವಾಹಿ. ಒಂದು ಗಂಟೆ."

ಅವಳು ಅರವತ್ತು ಎಂದು ಬರೆಯುತ್ತಿದ್ದಂತೆ ಮೊಮ್ಮಗಳು ತಲೆ ಎತ್ತಿದಳು.

"ಆಂಟಿ, ಒಂದು ಗಂಟೆ ಅಲ್ಲ. ಅಜ್ಜಿ ಅದನ್ನ ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ನೋಡ್ತಾರೆ. ನಾನೇ ಹೇಳ್ಕೊಟ್ಟಿದ್ದು."

"ಹೌದು," ಎಂದರು ಅಜ್ಜಿ. "ಅವರು ಮಾತಾಡೋದು ಬಹಳ ನಿಧಾನ. ಒಂದು ಗಂಟೆ ಕಥೆ ನನಗೆ ನಲವತ್ತು ನಿಮಿಷಕ್ಕೆ ಮುಗಿಯತ್ತೆ. ಅವರದು ಬರ್ಕೊಳ್ತೀಯೋ, ನನ್ನದು ಬರ್ಕೊಳ್ತೀಯೋ?"

ಬಟನ್ ಅಕ್ಕನ ಪೆನ್ನು ನಿಂತಿತು. ಹಾಳೆಯಲ್ಲಿ ನಿಮಿಷಕ್ಕೆ ಇದ್ದದ್ದು ಒಂದೇ ಕಾಲಂ. ಟಿವಿಯ ಕಾಲದಲ್ಲಿ ಒಂದು ಗಂಟೆ ಎಂದರೆ ತೋರಿಸುವವರಿಗೂ ನೋಡುವವರಿಗೂ ಒಂದೇ ಗಂಟೆಯಾಗಿತ್ತು. ಅವಳು ಸಂಖ್ಯಾಶಾಸ್ತ್ರದ ಹುಡುಗಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ವಿಷಯ ಹೇಳಿದಳು. ಆ ಕಡೆಯಿಂದ ಮೊದಲು ನಗು ಬಂತು, ಆಮೇಲೆ ಯೋಚನೆ.

"ಅಜ್ಜಿ, ಅಳೋ ದೃಶ್ಯ ಬಂದ್ರೂ ಓಡಿಸ್ತೀರಾ?"

"ಅಳೋದನ್ನೇ ಓಡ್ಸೋದು. ಅವರು ಅತ್ತು ಮುಗಿಸೋ ಹೊತ್ತಿಗೆ ಇಲ್ಲಿ ಹಾಲು ಉಕ್ಕತ್ತೆ. ಜಗಳ ಮಾತ್ರ ಇದ್ದ ಹಾಗೇ ನೋಡ್ತೀನಿ. ಜಗಳ ಓಡಿಸಿದ್ರೆ ಯಾರು ಯಾರನ್ನ ಬೈದ್ರು ಅಂತ ತಿಳಿಯಲ್ಲ."

"ಹಾಗಾದ್ರೆ ನಲವತ್ತೂ ಸರಿ ಇಲ್ಲ," ಎಂದಳು ಬಟನ್ ಅಕ್ಕ. "ನಿನ್ನೆ ಜಗಳ ಎಷ್ಟು ಹೊತ್ತು ಇತ್ತು?"

ಅಜ್ಜಿ ಕಣ್ಣು ಮುಚ್ಚಿ ಲೆಕ್ಕ ಹಾಕಿದರು. "ಅತ್ತಿಗೆದು ಏಳು ನಿಮಿಷ. ಅಣ್ಣತಮ್ಮಂದು ಐದು. ಹನ್ನೆರಡು."

"ಉಳಿದ ನಲವತ್ತೆಂಟು ನಿಮಿಷ ಓಡಿಸಿದ್ರೆ ಮೂವತ್ತೆರಡು. ಅದಕ್ಕೆ ಹನ್ನೆರಡು. ಒಟ್ಟು ನಲವತ್ತನಾಲ್ಕು."

"ಎರಡೂ ಬರ್ಕೊಳ್ಳಿ," ಎಂದಳು ಫೋನಿನಲ್ಲಿದ್ದ ಹುಡುಗಿ. "ಹಾಳೆಯಲ್ಲಿ ಜಾಗ ಇದೆಯಾ?"

"ಮಾಡ್ತೀನಿ."

ಟೈಲರ್ ತನ್ನ ಮರದ ಅಳತೆಕೋಲನ್ನು ಮುಂದೆ ಚಾಚಿದ. ಬಟನ್ ಅಕ್ಕ ಅದನ್ನು ಹಾಳೆಯ ಮೇಲಿಟ್ಟು, ಉಸಿರು ಬಿಗಿಹಿಡಿದು, ನಿಮಿಷದ ಕಾಲಮನ್ನು ನಡುವೆ ಸೀಳಿ ಒಂದು ಗೆರೆ ಎಳೆದಳು. ಎಡಕ್ಕೆ ಕಥೆಯ ಅರವತ್ತು ಬರೆದಳು, ಬಲಕ್ಕೆ ಅಜ್ಜಿಯ ನಲವತ್ತನಾಲ್ಕು.

"ಈಗ ಎರಡನೆಯವರು," ಎಂದು ಅವಳು ಟೈಲರ್ ಕಡೆ ತಿರುಗಿದಳು. "ನೀವು ಹಾಡು ಕೇಳ್ತೀರಂತಲ್ಲ. ಎಷ್ಟು ಹೊತ್ತು?"

"ಅವನದು ನಾನು ಹೇಳ್ತೀನಿ, ಬರ್ಕೊ," ಎಂದರು ಅಜ್ಜಿ.